ಗೋಡೆಯಾಚೆಯ ಖಾರದ ಗಿರಣಿ

"ಬಂದ್ ಮಾಡ್ರಿ ನಿಮ್ಮ ಗಿರಣಿ... ಮೊದಲ ಬಂದ್ ಮಾಡ್ರಿ!"

ಮಾಯಾ ದನಿ ಎತ್ತಿದ್ದನ್ನು ಬೆಟಗೇರಿಯ ಆ ಓಣಿ ಅಲ್ಲಿಯವರೆಗೆ ಕೇಳಿರಲಿಲ್ಲ. ಖಾರ ಕುಟ್ಟಿಸಲು ಡಬ್ಬಿ ಹಿಡಿದು ಕೂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

ಧಡಧಡ ಏಳುತ್ತ ಬೀಳುತ್ತಿದ್ದ ಕಬ್ಬಿಣದ ಒನಕೆಗಳ ಹಿಂದಿನಿಂದ ಗಿರಣಿಯ ಮೌನೇಶ ಎದ್ದು ಬಂದ. ಅವನ ಹುಬ್ಬಿನ ಮೇಲೂ ಕೆಂಪು ಪುಡಿ.

"ಯಾಕ್ರಿ? ಏನಾತು?"

"ನಿಮ್ಮ ಮಷೀನ್ ಚಾಲೂ ಆದ್ರ ನನ್ನ ಕಂಪ್ಯೂಟರ್ ಸತ್ತಂಗ ಆಗತೈತಿ. ಒಂದು ಸೀರಿ ಅಂಚು ಸೇವ್ ಆಗಾಕ ಅರ್ಧಾ ತಾಸು!"

"ಗ್ವಾಡಿ ದಾಟಿ ಹೋಗಿ ನನ್ನ ಖಾರ ನಿಮ್ಮ ಕಂಪ್ಯೂಟರ್ ಕಣ್ಣಾಗ ಬೀಳತೈತೇನ್ರಿ?"

ಹೆಂಗಸರು ಕಿಸಕ್ಕನೆ ನಕ್ಕರು.

"ಅದರ ಕಣ್ಣಿಗೂ ಒಂದು ಚಾಳೀಸು ಹಾಕಬೇ ತಂಗಿ!" ಎಂದಳು ಅವರಲ್ಲೊಬ್ಬಳು, ಫಕ್ಕೀರವ್ವ.

ಮಾಯಾಳ ಕಣ್ಣು ತುಂಬಿದವು. ಖಾರಕ್ಕಲ್ಲ... ಅವಮಾನಕ್ಕೆ! ಪಕ್ಕದ ತನ್ನ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡಳು.

ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು ಮಾಯಾ. ಕೈಮಗ್ಗದ ಸೀರೆಗಳಿಗೆ ಕಂಪ್ಯೂಟರಿನಲ್ಲಿ ಅಂಚು ಬರೆದುಕೊಡುವುದು ಅವಳ ಕೆಲಸ. ಹಳೆಯ ಯಂತ್ರ, ಅದು ಹಗುರಾಗಿ ಓಡಲೆಂದು ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಸಿಕೊಂಡಿದ್ದಳು. ಹೊಸ ಅಂಚು ಶುಕ್ರವಾರದೊಳಗೆ ಕೈಸೇರದಿದ್ದರೆ ನೇಕಾರರ ಸಂಘದವರು ಕೆಲಸವನ್ನು ಗದಗಿನ ಬೇರೆಯವರಿಗೆ ಕೊಡುವವರಿದ್ದರು. ಆಮೇಲೆ ಈ ಕೋಣೆ ಯಾಕೆ? ಮತ್ತೆ ಮನೆಯಲ್ಲಿ ಕೂತು, ಹೆಣ್ಣು ನೋಡಲು ಬರುವವರಿಗೆ ಚಹಾ ಕೊಡುತ್ತಿರಬೇಕು!

ಅವಳು ಸುಮ್ಮನೆ ಕೂತಿರಲಿಲ್ಲ. ಬರೆದದ್ದನ್ನೆಲ್ಲ ಕೂಡಿಡುವ ಡಿಸ್ಕಿನ ಆರೋಗ್ಯ ಪರೀಕ್ಷಿಸಿದ್ದಳು, ದೋಷವಿಲ್ಲ ಎಂದು ಬಂದಿತ್ತು. ಜಾಗ ಬೇಕಾದಷ್ಟಿತ್ತು. ಯಾವ ಪ್ರೋಗ್ರಾಮೂ ಡಿಸ್ಕನ್ನು ತಿನ್ನುತ್ತಿರಲಿಲ್ಲ. ಪ್ರೊಸೆಸರ್ ಮಾತ್ರ ಕೈಕಟ್ಟಿ ಕೂತು ಡಿಸ್ಕಿನ ದಾರಿ ಕಾಯುತ್ತಿತ್ತು. ಗಿರಣಿ ನಿಂತ ಕೂಡಲೇ ಎಲ್ಲ ಸರಾಗ!

'ಅವನೇ... ನನ್ನ ಕರೆಂಟು ಎಳೆದುಕೊಳ್ಳುತ್ತಿದ್ದಾನೆ. ಅವನಿಗೆ ಮೊದಲೇ ನನ್ನ ಕಂಡರೆ ಆಗುವುದಿಲ್ಲ. ನನ್ನ ಕಡೆಯ ಕಿಟಕಿಗೆ ಗೋಣಿತಟ್ಟು ಕಟ್ಟಿಕೊಂಡಿಲ್ಲವೇ?'

ಆ ಸಂಜೆ ಎರಡೂ ಕೋಣೆಗಳ ಮಾಲೀಕ ಅಂದಾನಪ್ಪನ ಮುಂದೆ ನೆಲ ನೋಡುತ್ತಲೇ ದೂರು ಹೇಳಿಬಂದಳು.

ಮರುದಿನ ಬಾಗಿಲು ಧಡಾರನೆ ತೆರೆಯಿತು.

"ನಾ ಕರೆಂಟ್ ಕಳ್ಳ ಅಂದ್ರಂತ?" ಮೌನೇಶನ ದನಿ ನಡುಗುತ್ತಿತ್ತು. "ಇದ ತಿಂಗಳು ಜಾಗಾ ಖಾಲಿ ಮಾಡಬೇಕಂತ. ನೋಡ್ರಿ ಹೊರಗ! ನನ್ನ ಮೀಟರ್ ಬ್ಯಾರೆ, ನಿಮ್ಮ ಮೀಟರ್ ಬ್ಯಾರೆ!"

ಖರೆ. ಎರಡು ಮೀಟರು, ಎರಡು ವೈರು. ಆದರೂ ಮಾಯಾಳಿಗೆ ಸೋಲಲು ಮನಸ್ಸಿಲ್ಲ.

"ಹಂಗಾರ ನಿಮ್ಮ ಒನಿಕಿ ನಿಂತಾಗ ಅಷ್ಟ ಕಂಪ್ಯೂಟರ್ ಯಾಕ ಜೋರು ಓಡತೈತಿ?"

"ಸುಳ್ಳು!"

"ಬೇಕಾದ್ರ ನೋಡ್ರಿ!"

ಅವನು ಹೋಗಿ ಗಿರಣಿ ಚಾಲೂ ಮಾಡಿದ. ಅವಳು ಡಿಸ್ಕಿನ ವೇಗ ಸೆಕೆಂಡಿಗೆ ಎಷ್ಟು ಎಂಬಿ ಎಂದು ಅಳೆಯುವ ಕಮಾಂಡ್ ಕೊಟ್ಟಳು.

"ಎಷ್ಟು?" ಗೋಡೆಯಾಚೆಯಿಂದ ಕೂಗು.

"ಒಂಬತ್ತು!"

ಒನಕೆ ನಿಂತವು.

"ಈಗ?"

"ತೊಂಬತ್ತರ ಮ್ಯಾಲೆ!"

ಇನ್ನೊಮ್ಮೆ ಮಾಡಿದರು. ಅದೇ ಲೆಕ್ಕ. ಈ ಸಲ ಮೌನೇಶ ಗಿರಣಿಯನ್ನು ಓಡಲು ಬಿಟ್ಟೇ ಒಳಬಂದ. ಅವನ ಮುಖದ ಸಿಟ್ಟಿನಲ್ಲಿ ಈಗ ಅನುಮಾನವೂ ಬೆರೆತಿತ್ತು. ಕಂಪ್ಯೂಟರ್ ಇದ್ದದ್ದು ನಡುಗೋಡೆಗೆ ಹುಗಿದ ಕಡಪಾ ಕಲ್ಲಿನ ಮೇಲೆ. ಅದರ ಪಕ್ಕದ ಲೋಟದಲ್ಲಿ ನೀರು ಗಡಗಡ ನಡುಗುತ್ತಿತ್ತು.

"ಇದನ್ನ ಇಲ್ಲಿ ಯಾರು ಇಟ್ಟರು?"

"ನಾನ... ಬಾಗಿಲ ಕಡೆ ಇತ್ತು. ನಿಮ್ಮ ಖಾರದ ಧೂಳು ಬೀಳಬಾರದಂತ..."

ಅವನು ಕಲ್ಲಿನ ಮೇಲೆ ಅಂಗೈ ಇಟ್ಟ. "ಕೆಟ್ಟ ಡಿಸ್ಕ್ ಒಂದನ್ನ ಬಿಚ್ಚಿ ನೋಡಿದ್ದೆ. ಅದರಾಗ ತಿರಗೋ ತಟ್ಟಿ ಇರತೈತಿ. ಸಣ್ಣ ಮುಳ್ಳೊಂದು ಗೆರಿ ಹಿಡದು ಓದತೈತಿ. ಗ್ವಾಡಿ ನಡುಗಿದ್ರ ಗೆರಿ ತಪ್ಪತೈತಿ. ಮತ್ತ ಹುಡುಕತೈತಿ, ಮತ್ತ ತಪ್ಪತೈತಿ."

"ಓಡೋ ಬಸ್ಸಿನ್ಯಾಗ ಸೂಜಿಗೆ ದಾರ ಪೋಣಿಸಿದಂಗ..." ಮಾಯಾ ತನಗೇ ಹೇಳಿಕೊಂಡಳು.

ಅವನು ಗಿರಣಿಗೆ ಹೋಗಿ, ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ, ಬಟ್ಟೆ ತುಣುಕು ಹೊಲಿದ ಹೊಸ ಕೌದಿಯೊಂದನ್ನು ತಂದು ಎದುರಿನ ಮೇಜಿನ ಮೇಲೆ ಹಾಸಿ, ಕಂಪ್ಯೂಟರನ್ನು ಎತ್ತಿ ಅದರ ಮೇಲಿಟ್ಟ. ಒನಕೆ ಕುಟ್ಟುತ್ತಲೇ ಇದ್ದವು. ಮಾಯಾ ಮತ್ತೆ ಅಳೆದಳು; ಪರದೆಯ ಮೇಲಿನ ಅಂಕಿ ತೊಂಬತ್ತರ ಕೆಳಗೆ ಇಳಿಯಲಿಲ್ಲ!

"ನಿಮ್ಮದು ಸರಿ ಆತು," ಎಂದ ಹೊಸ್ತಿಲಲ್ಲಿ, ತಿರುಗಿಯೂ ನೋಡದೆ. "ನನ್ನದು ಮುಗೀತು."

ಅಂಚು ಹೊತ್ತಿಗೆ ಮೊದಲೇ ಮುಗಿಯಿತು, ಸಂಘಕ್ಕೂ ಹೋಯಿತು. ಮಾಯಾಳಿಗೆ ಮಾತ್ರ ಊಟ ಸೇರಲಿಲ್ಲ. 'ನನ್ನ ಕೆಲಸ ಉಳಿಸಿದವನ ಕೆಲಸ ನಾನೇ ಕಳೆದೆನಲ್ಲ...'

ಶನಿವಾರ ಗಿರಣಿಯ ಸದ್ದೇ ಇಲ್ಲ. ಇಣುಕಿದರೆ ಮೌನೇಶ ಒನಕೆಗಳ ಬೋಲ್ಟ್ ಬಿಚ್ಚುತ್ತಿದ್ದ! ಅವಳು ಓಡಿಹೋಗಿ ಅಂದಾನಪ್ಪನನ್ನು ಕರೆತಂದಳು. ಅದೇ ಹೆಂಗಸರು ಡಬ್ಬಿ ಹಿಡಿದು ಗೊಣಗುತ್ತಿದ್ದರು. ಅವರೆಲ್ಲರ ಮುಂದೆಯೇ ಹೇಳಿದಳು.

"ಅಜ್ಜಾರ... ಇವರು ಕರೆಂಟ್ ಕದ್ದಿಲ್ರಿ. ಕಂಪ್ಯೂಟರ್ ತಪ್ಪು ಜಾಗಾದಾಗ ಇಟ್ಟಾಕಿ ನಾನು. ಯಾರನ್ನರ ಬಿಡಿಸೋದಿದ್ರ ನನ್ನ ಬಿಡಿಸ್ರಿ!"

"ನಿನ್ನ ಬಾಯಾಗ ಇಷ್ಟು ಮಾತು ಅದಾವೇನವಾ ತಂಗಿ?" ಅಂದಾನಪ್ಪ ನಕ್ಕ. "ಲೇ ಮೌನೇಶ, ಬೋಲ್ಟ್ ತಿರುಗಿ ಹಾಕೋ. ಎಲ್ಲೂ ಹೋಗಬ್ಯಾಡ," ಎಂದು ಬೀಡಿ ಹಚ್ಚುತ್ತ ಹೊರಟುಹೋದ.

ಮೌನೇಶನ ಮುಖ ಇನ್ನೂ ಬಿಗಿದೇ ಇತ್ತು.

"ಮಾಲೀಕರ ಕಡೆ ಹೋಗೋ ಮೊದಲ ನನ್ನ ಒಂದು ಮಾತು ಕೇಳಬೇಕಿಲ್ಲೇನ್ರಿ?"

"ಹೆದರಿಕಿ... ನನ್ನ ಮಾರಿ ನೋಡಬಾರದಂತ ಕಿಟಕಿಗೆ ತಟ್ಟು ಕಟ್ಟಿದ್ರಲ್ಲ..."

"ಅದಕ್ಕ ಕಟ್ಟಿದ್ನೇನ್ರಿ? ಖಾರದ ಘಾಟಿಗೆ ನೀವು ಕೆಮ್ಮೋದು ಕೇಳತಿತ್ತು. ದಿನಾ ನೀರಾಗ ತೋಯ್ಸಿ ಕಟ್ಟತಿದ್ದೆ!"

ಮಾಯಾ ಕಿಟಕಿ ನೋಡಿದಳು. ತಟ್ಟಿನಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿತ್ತು. ಜಗಳವಾಡಿದ ಮೇಲೂ... ಇವತ್ತೂ ತೋಯಿಸಿದ್ದಾನೆ!

"ನಿಮ್ಮ ಕೌದಿ... ತಿರುಗಿ ಕೊಡ್ತೀನ್ರಿ."

"ಬ್ಯಾಡ." ಅವನು ಕಿವಿಯವರೆಗೆ ಕೆಂಪಾದ. "ಅದು ನಮ್ಮವ್ವ ಬರೋ ಸೊಸಿಗಂತ ಹೊಲದದ್ದು."

"ಅಂಥಾದ್ದನ್ನ ಕಂಪ್ಯೂಟರ್ ಕೆಳಗ ಯಾಕ ಹಾಸಿದ್ರಿ?"

"ಸಿಟ್ಟಿನಾಗ ಇದ್ದೆ... ನಿಮ್ಮ ಕೈಗೆ ಕೊಡಾಕ ಆಗಲಿಲ್ಲ."

ಫಕ್ಕೀರವ್ವ ಡಬ್ಬಿಯನ್ನು ನೆಲಕ್ಕೆ ಕುಟ್ಟಿದಳು. "ನನ್ನ ಖಾರ ಯಾವಾಗ ಕುಟ್ಟತಿಯೋ ಮಾರಾಯಾ?"

ಮಾಯಾ ಸೆರಗಿನಿಂದ ಕಣ್ಣೊರೆಸಿಕೊಂಡು, ಮೊದಲ ಸಲ ಅವನ ಮುಖ ನೇರ ನೋಡಿದಳು.

"ಚಾಲೂ ಮಾಡ್ರಿ ನಿಮ್ಮ ಗಿರಣಿ..."

"ಕೆಮ್ಮು ಬಂದ್ರ?"

"ತಟ್ಟು ನಾ ತೋಯಸ್ತೀನಿ."