ಕೋಟೆಬಾಗಿಲ ಉಪವಾಸ

“ಬಾಗಿಲಲ್ಲಿ ಉಪವಾಸ ಕೂತೋಳು ಏಳೋತನಕ ಒಳಗಿರೋನು ತುತ್ತು ಎತ್ತಬಾರದು ಮಗಾ. ತಿಂದ್ರೆ ಅವಳ ಸಂಕಟ ನಿನ್ನ ಮೈಯೊಳಗೆ ಇಳೀತದೆ,” ಎಂದ ಸಾಕುತಂದೆ ಎರ್ನಾನ್.

ಬೆಕ್ಕಾನ್ ನಕ್ಕ. “ಆ ಕಟ್ಟಳೆಯೆಲ್ಲ ಐರ್ಲೆಂಡಿನ ದಡದಲ್ಲೇ ಬಿಟ್ಟು ಬಂದೆ ಕಣಪ್ಪಾ. ಅದಕ್ಕೇನು ಈಜು ಬರ್ತದಾ?”

ತೊಗಲದೋಣಿಗಳಲ್ಲಿ ಕಡಲು ದಾಟಿ ಬಂದು, ಜೌಗಿನ ನಡುವಿನ ಬಂಡೆಗುಡ್ಡದ ಮೇಲೆ ಕೋಟೆ ಕಟ್ಟಿದವನು ಅವನು. ಮರುದಿನ ಪಟ್ಟ. ಬಾಗಿಲಲ್ಲಿ ಕೂತವಳು ಪಕ್ಕದ ದ್ವೀಪದ ಲಸಾರ್. ಶಾಪದ ಹಾಡಿನಿಂದಲೇ ಎದುರಾಳಿಯ ಮುಖದಲ್ಲಿ ಬೊಕ್ಕೆ ಎಬ್ಬಿಸುವ ಕವಿಮನೆತನದವಳು. ದ್ವೀಪದವರು ತಲೆಯೆತ್ತದಿರಲೆಂದು ಅವಳ ಒಬ್ಬನೇ ಮಗನನ್ನು ಬೆಕ್ಕಾನ್ ಒತ್ತೆಯಾಳಾಗಿ ಗುಂಡಿಯಲ್ಲಿ ಇಟ್ಟಿದ್ದ.

“ಮಗನ್ನ ಬಿಡೋದು ಬೇಡ ಒಡೆಯಾ. ಒಂದ್ಸಲ ಮುಟ್ಟಿ ನೋಡ್ತೀನಿ,” ಎಂದಳು ಲಸಾರ್.

ಬೆಕ್ಕಾನ್ ಸುಟ್ಟ ಹಂದಿಯ ತೊಡೆಯನ್ನು ಅವಳೆದುರೇ ಕಚ್ಚಿದ. ಕೊಬ್ಬು ಗಡ್ಡಕ್ಕೆ ಇಳಿಯಿತು. “ತಗೋ ಅಜ್ಜೀ, ವಾಸನೆ ಬಿಟ್ಟಿ!”

ಲಸಾರ್ ಎದ್ದಳು. ಶಾಪವಿಡುವ ಕವಿಗಳ ರೀತಿಯಲ್ಲಿ ಒಂದು ಕಾಲ ಮೇಲೆ ನಿಂತಳು, ಒಂದು ಕಣ್ಣು ಮುಚ್ಚಿದಳು. ಕೆಸರಿನ ಹಕ್ಕಿಗಳು ಕೂಗು ನಿಲ್ಲಿಸಿದವು.

“ಮುಟ್ಟಿದ್ದೆಲ್ಲ ನಿನ್ನದಾಗಲಿ. ಮುಟ್ಟಿದ್ದು ನಿನಗೆ ತಿಳಿಯದಿರಲಿ.”

ಅಷ್ಟೆಂದು ಕುಸಿದಳು, ಮತ್ತೆ ಏಳಲಿಲ್ಲ. ಗುಂಡಿಯೊಳಗಿನ ಮಗನ ಕೆಮ್ಮೂ ಅಂದೇ ನಿಂತಿತು.

ಮರುದಿನ ಪಟ್ಟದ ಶಾಸ್ತ್ರಕ್ಕೆಂದು ಬಂಡೆಯಲ್ಲಿ ಕೊರೆದ ಹೆಜ್ಜೆಯೊಳಗೆ ಬೆಕ್ಕಾನ್ ಬರಿಗಾಲಿಟ್ಟ. ಅದರಲ್ಲಿ ಹಿಮದ ನೀರು ತುಂಬಿತ್ತು. ಜನ ಜಯಕಾರ ಹಾಕಿದರು. ಅವನಿಗೆ ಚಳಿ ತಾಗಲಿಲ್ಲ. ಕಲ್ಲೂ ತಾಗಲಿಲ್ಲ. ಊನವಿದ್ದವನಿಗೆ ಪಟ್ಟವಿಲ್ಲ, ಬಾಯಿ ಮುಚ್ಚಿಕೊಂಡ.

ರಾಜ್ಯ ಬೆಳೆಯಿತು. ಒಂದು ದ್ವೀಪ ಶರಣಾದಾಗ ಮರಗಟ್ಟಿದ್ದು ಮೊಣಕಾಲಿಗೆ ಏರಿತ್ತು. ಕೊಲ್ಲಿಯ ಆಚೆದಡ ಸಿಕ್ಕಾಗ ಸೊಂಟಕ್ಕೆ. ಗೆದ್ದ ನೆಲದ ಮೇಲೆ ನಡೆದರೂ ಅದು ಅವನಿಗೆ ನೆಲವೆನಿಸಲಿಲ್ಲ. ಒಮ್ಮೆ ಒಲೆಯ ಪಕ್ಕ ಸುಟ್ಟ ಮಾಂಸದ ನಾತ ಎದ್ದಿತು.

“ಮಗಾ, ಕಾಲು! ಕೆಂಡದ ಮೇಲಿದೆ!” ಎರ್ನಾನ್ ಚೀರಿದ. ಆಮೇಲೆ ಕಿವಿಯಲ್ಲಿ ಅಂದ, “ಅವಳ ಗೋರಿ ಮುಂದೆ ಉಪವಾಸ ಕೂರೋ. ತಪ್ಪಾಯ್ತು ಅನ್ನು. ಮೇಲಿರೋನು ಕಣ್ಬಿಡ್ತಾನೆ.”

“ರಾಜ ಮಂಡಿಯೂರಿದ್ರೆ ದ್ವೀಪಗಳು ಎದ್ದು ನಿಲ್ತವೆ ಕಣಪ್ಪಾ. ಸುಮ್ನಿರು.”

ಉತ್ತರದ ಗುಡ್ಡಗಳೂ ಅವನವಾದವು. ಆ ಹೊತ್ತಿಗೆ ತೋಳುಗಳೂ ಮರಗಟ್ಟಿದ್ದವು. ಕಣ್ಣಲ್ಲಿ ನೋಡಿಕೊಂಡೇ ಕೈಯಾಡಿಸಬೇಕಿತ್ತು. ಆಗಲೇ ಹೆಂಡತಿ ಗಂಡು ಹೆತ್ತಳು.

ಹೆಸರಿಡುವ ದಿನ. ಸನ್ಯಾಸಿಗಳ ಗಂಟೆ ಸದ್ದು. ಅಂಗಳದ ತುಂಬ ಶರಣಾದ ಒಡೆಯರು.

“ಎತ್ಕೊಳ್ಳಿ, ನಿಮ್ಮದೇ ಮೂಗು!” ಎಂದಳು ರಾಣಿ ನಗುತ್ತ.

ಅವನು ಎತ್ತಿಕೊಂಡ. ಜನರತ್ತ ತಿರುಗಿದ. ಜಯಕಾರ ಎದ್ದಿತು. ಬಾಗಿಲಾಚೆ ಯಾರೋ ಎದ್ದು ನಿಂತಂತೆ ಕಂಡಿತು. ಒಂಟಿಕಾಲು. ಒಂಟಿಕಣ್ಣು. ನೋಟ ಅಲ್ಲೇ ನೆಟ್ಟಿತು. ಮಗು ಜಾರಬಾರದು. ತೋಳು ಬಿಗಿದ. ಇನ್ನಷ್ಟು ಬಿಗಿದ. ಅಳು ಕೇಳಿತು. ಸಣ್ಣಗಾಯಿತು. ನಿಂತಿತು. ಬಾಗಿಲಲ್ಲಿ ಯಾರೂ ಇರಲಿಲ್ಲ.

ರಾಣಿ ಚೀರಿದಳು. ಎರ್ನಾನ್ ಓಡಿ ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.

ಬೆಕ್ಕಾನ್ ಅವನನ್ನೇ ನೋಡಿದ. ಎದೆಯೊಳಗೆ ಏನಾದರೂ ನೋಯಲೆಂದು ಕಾದ.

“ಯಾಕಪ್ಪಾ,” ಎಂದ ಮೆಲ್ಲಗೆ, “ನಾನಿನ್ನೂ ಹಿಡ್ಕೊಂಡಿದ್ದೀನಾ?”