ಕಡೆಗೆ ಉಳಿದ ಆಲ್ಬಮ್

“ಮಹಾನಂದಾ... ನೀವೇ ಅಲ್ರೀ?”

ಜಹೀರಾಬಾದ್ ಬಸ್ ನಿಲ್ದಾಣದ ಗದ್ದಲದಲ್ಲೂ ಆ ದನಿ ಅವಳೆದೆಗೇ ಬಂದು ತಾಗಿತು. ಮೂರು ತಿಂಗಳು ಫೋನಿನಲ್ಲಷ್ಟೇ ಕೇಳಿದ್ದ ದನಿ... ಕಾಶಿನಾಥ! ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಕಾರ್ಖಾನೆಯವನು. ಇಬ್ಬರನ್ನೂ ಕೂಡಿಸಿದ್ದು ‘ಕ್ವಾರಿ’ ಎಂಬ ಥ್ರ್ಯಾಶ್ ಮೆಟಲ್ ತಂಡದ ಅಬ್ಬರದ ಸಂಗೀತ. ಆ ತಂಡಕ್ಕೆ ಮೂವತ್ತು ವರ್ಷ, ಒಂಬತ್ತು ಆಲ್ಬಮ್. ನಾಳೆ ಅವನ ಮನೆಯವರು ಅವಳ ಮನೆಗೆ ಹೆಣ್ಣು ನೋಡಲು ಬರುವವರಿದ್ದರು.

ಅವಳು ಮುಖ ತಿರುವಿದಳು. “ನಾರಾಯಣಖೇಡ ಬಸ್ ಬಂದದರಿ. ದಾರಿ ಬಿಡ್ರಿ.”

“ಎಂಟು ದಿನ ಆತು, ಫೋನ್ ಎತ್ತವಲ್ರಿ. ನಾ ಏನು ತಪ್ಪು ಮಾಡೀನಿ?”

“ಒಂಬತ್ತೂ ಆಲ್ಬಮ್ ಆರಿಸಿ ನೀವು ಕಳಿಸಿದ ಪಟ್ಟಿ ನೋಡ್ಕೋರಿ! ಎರಡನೇ ಆಲ್ಬಮ್ ಮದ್ಲ. ಬರೀ ಅವಸರ, ಬರೀ ಚೀರಾಟ... ಏಳನೇದು ಎಲ್ಲಕಿಂತ ಕಡೀಗೆ!”



ಏಳನೆಯದರಲ್ಲಿ ಗಿಟಾರ್ ಒಮ್ಮೆಲೇ ನಿಧಾನವಾಗುತ್ತದೆ. ದಿನಾ ಕಥೆ ಹೇಳುತ್ತಿದ್ದ ಸುಗಲಾಬಾಯಿ ಅಜ್ಜಿ ಅದಕ್ಕೆ ಕಿವಿಗೊಟ್ಟು, “ರಾಕ್ಷಸ ಅಳ್ಲಾಕತ್ತಾನ ಕೂಸಾ, ಬಂದ್ ಮಾಡಬ್ಯಾಡ” ಅಂದಿದ್ದಳು. ಅಜ್ಜಿ ಈಗಿಲ್ಲ. ಈ ಮಾತನ್ನು ಮಹಾನಂದಾ ಯಾರಿಗೂ ಹೇಳಿರಲಿಲ್ಲ.

‘ಅದನ್ನೇ ಕಡೆಗಿಟ್ಟವನಿಗೆ ನನ್ನ ಮನಸ್ಸು ಹೇಗೆ ತಿಳಿದೀತು? ನಾಳೆ ಒಲ್ಲೆ ಅಂದುಬಿಡುವೆ...’

ಕಾಶಿನಾಥ ಮಿಕಿಮಿಕಿ ನೋಡಿದ. ಆಮೇಲೆ ಹಣೆ ಬಡಿದುಕೊಂಡ!

“ಅಯ್ಯ! ಫರ್ಸಿ ಆರಿಸ್ದಂಗ ಆರಿಸೀನ್ರಿ. ಮದ್ಲ ಒಡಕು ತಗೀತೀವಿ, ಆಮ್ಯಾಲ ಗೀರು ಬಿದ್ದದ್ದು... ಕಡೀಗೆ ಉಳಿದದ್ದೇ ಭಾರಿ ಮಾಲು! ಎರಡನೇದು ಮದ್ಲೇ ತಗದು ಒಗದೀನಿ!”

“ಅಷ್ಟು ಬರದು ತಿಳಿಸಾಕ ಏನಾಗಿತ್ತು?”

“ಹದಿನೆಂಟು ವರ್ಷದಾಂವ ಇದ್ದಾಗಿಂದ ಅದೇ ಕೆಲಸರಿ. ಎಲ್ಲಾರೂ ಹಂಗೇ ಎಣಸ್ತಾರಂತ ತಿಳಿದಿದ್ದೆ.”

ನಗು ಬಂದರೂ ಅವಳು ತಡೆದುಕೊಂಡಳು. “ಹೆಣ್ಣೂ ಹಿಂಗೇ ಆರಿಸೀರೇನು?”

“ಇಲ್ರಿ. ಅಲ್ಲಿ ಇದ್ದದ್ದೇ ಒಬ್ಬಾಕಿ... ಆರಿಸೂ ಮಾತೇ ಬರ್ಲಿಲ್ಲ.”

ಕಂಡಕ್ಟರ್ ಸೀಟಿ ಊದಿದ. ನಾರಾಯಣಖೇಡ ಬಸ್ ಹೊರಟೇಹೋಯಿತು. ಅವಳು ಹತ್ತಲಿಲ್ಲ.

“ಏಳನೇದು ಯಾಕ ಉಳೀತ್ರಿ?”

ಅವನು ನಾಚಿದ. ಕಲ್ಲಿನ ಪುಡಿ ಕೂತ ಉಗುರುಗಳನ್ನೇ ನೋಡುತ್ತ ಹೇಳಿದ. “ನಗಬ್ಯಾಡ್ರಿ. ಗಿಟಾರ್ ನಿಧಾನ ಆಗ್ತದಲ್ಲ... ಅಲ್ಲಿ ಯಾವುದೋ ದೊಡ್ಡ ಜೀವ ಅಳ್ಲಾಕತ್ತದ ಅನಸ್ತದ. ನಡುವ ಬಂದ್ ಮಾಡಾಕ ಮನಸೇ ಬರಲ್ದು.”

ಅವಳ ಕಣ್ಣು ತುಂಬಿ ಬಂದವು.

“ನಾಳಿ ಮನೀಗಿ ಬರ್ರಿ. ಎಲ್ಲಾರ್ನೂ ಕರ್ಕೊಂಡು.”

“ಬಂದ ಮ್ಯಾಲ ಒಲ್ಲೆ ಅಂದ್ರ?”

“ಆ ಗಿಟಾರಿನ್ಯಾಗಿನ ರಾಕ್ಷಸ ಯಾಕ ಅಳ್ತಾನಂತ ನಮ್ಮ ಅಜ್ಜಿ ನನಗೊಬ್ಬಾಕಿಗೇ ಹೇಳ್ಯಾಳ,” ಎಂದಳು ಮಹಾನಂದಾ, ಕಣ್ಣೊರೆಸಿಕೊಳ್ಳುತ್ತ. “ದೊಡ್ಡ ಕಥಿ ಅದರಿ... ಒಂದು ದಿನಕ್ಕ ಮುಗಿಯಲ್ದು!”