ಬೆಟ್ಟಮ್ಮನ ಮಡಕೆಯ ಸದ್ದು

ದೆವ್ವವನ್ನು ನಂಬಬೇಡಿರೆಂದು ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು ನಾನು.

ಮೈಸೂರಿಗೆ ಅಂತರ್ಜಾಲ ಹೊಸದಾಗಿ ಬಂದಾಗ, ನಮ್ಮ ಶಾಲೆಯ ಜಾಲತಾಣಕ್ಕೆ ಕುಂಬಾರಕೊಪ್ಪಲಿನ ಬೆಟ್ಟಮ್ಮ ಮಡಕೆ ತಟ್ಟುವ ಸದ್ದನ್ನು ಸೇರಿಸಿದ್ದೆ. ಪುಟ ತೆರೆದೊಡನೆ ಅದು ಕೇಳುತ್ತಿತ್ತು. ದೂರದೇಶದವರೂ ಮೆಚ್ಚಿ ಬರೆದಿದ್ದರು. ಜಾಲತಾಣ ಮುಚ್ಚಿದ ಮೇಲೆ ಅದು ಉಳಿದದ್ದು ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ. ಬೆಟ್ಟಮ್ಮ ತೀರಿಕೊಂಡಳು. ಆ ಸದ್ದನ್ನು ಕೇಳಬೇಕೆಂದು ಅವಳ ಮಗಳು ಕುಸುಮ ಹಂಬಲಿಸಿದಳು. ಕಳೆದ ತಿಂಗಳು ಅವಳನ್ನು ಶಾಲೆಗೆ ಕರೆದೊಯ್ದೆ.

"ಆ ಡಬ್ಬಾನಾ? ಗುಜರಿಗೆ ಹಾಕ್ಬುಟ್ವಿ ಕಣಮ್ಮ. ಮಡಕೆ ಸದ್ದು ಯಾರಿಗ್ ಬೇಕು?" ಎಂದು ಕಾರ್ಯದರ್ಶಿ ಶಿವಕುಮಾರ್ ನಕ್ಕರು.

ವಿದ್ಯೆಯನ್ನು ಗುಜರಿಯ ತಕ್ಕಡಿಗೆ ಹಾಕುವವರ ಕೈಯಲ್ಲಿ ನಮ್ಮ ಶಾಲೆಗಳಿವೆ.

ಆಗ ಕೋಣೆಯಲ್ಲಿ ಹಸಿಮಣ್ಣಿನ ವಾಸನೆ ಹಬ್ಬಿತು. ನನ್ನ ಅಂಗೈಯಡಿಯ ಮೇಜು ತಣ್ಣಗಾಯಿತು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಸ್ಪೀಕರಿನಿಂದ ತಟ್, ತಟ್ ಎಂಬ ಸದ್ದು ಬಂತು. ಶಿವಕುಮಾರ್ ಪ್ಲಗ್ ಕೀಳಲು ಬಗ್ಗಿದರು. ವೈರಿನ ತುದಿ ನೆಲದ ಮೇಲಿತ್ತು.

"ಮಾತಾಡ್ಬೇಡಿ, ಅವ್ವ ಕೆಲ್ಸ ಮಾಡ್ತಾವ್ಳೆ," ಎಂದಳು ಕುಸುಮ.

ಜಾಲತಾಣದಲ್ಲಿ ಜಾಗ ಸಾಲದೆ, ಆ ಸದ್ದನ್ನು ನಾನು ಮುದ್ರಿಸಿಕೊಂಡದ್ದೇ ಅರ್ಧ ಮಡಕೆಯವರೆಗೆ. ಅಂದು ಅದು ಅಲ್ಲಿಗೆ ನಿಲ್ಲಲಿಲ್ಲ. ಕೊನೆಗೆ, ಮುಗಿದ ಮಡಕೆಯನ್ನು ಮೆಲ್ಲಗೆ ನೆಲಕ್ಕಿಳಿಸಿದ ಸದ್ದನ್ನೂ ನಾವು ಮೂವರೂ ಕೇಳಿದೆವು.